ಯಾರು ಬೇಕಾದರೂ ತಿದ್ದಬಹುದು, ಏನೂ ಕಳೆದುಹೋಗದು!

ಕಂಪನಿಗೆ ಏನೇನು ಗೊತ್ತಿದೆ ಎಂದು ತೋರಿಸುವ ತಂತ್ರಾಂಶಗಳು ಬೇಕಾದಷ್ಟಿವೆ. ಏನೇನು ಗೊತ್ತಿಲ್ಲ ಎಂದು ಪಟ್ಟಿ ಮಾಡಿ, ಅದರಲ್ಲಿ ಯಾವುದು ಎಷ್ಟು ಕಡೆ ಬೇಕಾಗಿದೆ ಎಂದು ಲೆಕ್ಕ ಹಾಕಿ, ಮೇಲಿಂದ ಕೆಳಗೆ ಜೋಡಿಸಿ ಕೊಡುವ ತಂತ್ರಾಂಶವನ್ನು ನೋಡಿದ್ದೀರಾ? ಇದೆ! ಅದಕ್ಕೆ ಲೈಸೆನ್ಸ್ ಫೀ ಇಲ್ಲ. ತಲೆಗಿಷ್ಟು ಎಂದು ತಿಂಗಳ ಬಾಡಿಗೆ ಇಲ್ಲ. ಅದರ ಕೆಲಸವನ್ನು ನೀವು ಈಗಾಗಲೇ ಸಾವಿರ ಸಲ ನೋಡಿದ್ದೀರಿ, ಏಕೆಂದರೆ ವಿಕಿಪೀಡಿಯ ನಡೆಯುವುದೇ ಅದರ ಮೇಲೆ. ಹೆಸರು ಮೀಡಿಯಾವಿಕಿ. ವಿಕಿಪೀಡಿಯ ಬೇರೆ, ಅದನ್ನು ಓಡಿಸುವ ಎಂಜಿನ್ ಬೇರೆ. ಆ ಎಂಜಿನ್ನನ್ನು ಯಾರು ಬೇಕಾದರೂ ಇಳಿಸಿಕೊಂಡು ಹತ್ತು ಜನರ ಆಫೀಸಿನಲ್ಲೂ ಕೂರಿಸಿಕೊಳ್ಳಬಹುದು ಎಂದು ತಿಳಿದಾಗಿನಿಂದ ನಾನು ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಈಗ ನಿಮ್ಮ ಸರದಿ.

ಮೊದಲು ಅದರ ಕೈಚಳಕ ನೋಡಿ. ಒಂದು ಸಣ್ಣ ಕಾರ್ಖಾನೆ ಅಂದುಕೊಳ್ಳಿ. ಅಲ್ಲಿನ ಮೇಲ್ವಿಚಾರಕರು ಆಫೀಸಿನ ವಿಕಿಯಲ್ಲಿ, ಅಂದರೆ ಎಲ್ಲರೂ ಬರೆದು ತಿದ್ದಬಹುದಾದ ತಾಣದಲ್ಲಿ, ‘ಕಂಪ್ರೆಸರ್’ ಎಂಬ ಪುಟ ತೆರೆದು ಒಂದೇ ಸಾಲು ಬರೆಯುತ್ತಾರೆ: “ಬೆಳಗ್ಗೆ ಆನ್ ಮಾಡುವ ಮೊದಲು [[ಡ್ರೈನ್ ವಾಲ್ವ್]] ತೆಗೆದು ನೀರು ಬಿಡಬೇಕು.” ಡ್ರೈನ್ ವಾಲ್ವ್ ಎಂಬ ಪುಟ ಇನ್ನೂ ಹುಟ್ಟಿಲ್ಲ. ಆದರೂ ಅವರು ಅದರ ಸುತ್ತ ಜೋಡಿ ಚೌಕ ಆವರಣ ಹಾಕಿದರು, ಉಳಿಸಿದರು, ಹೋದರು. ಪರದೆಯ ಮೇಲೆ ಆ ಎರಡು ಪದ ಈಗ ಕೆಂಪು! ಇಲ್ಲದ ಪುಟಕ್ಕೆ ಕೊಟ್ಟ ಕೊಂಡಿ ಅದು. ರಾತ್ರಿ ಪಾಳಿಯ ಆಪರೇಟರ್ ಆ ಕೆಂಪನ್ನು ಒತ್ತುತ್ತಾನೆ. ಬೇರೆ ಯಾವ ತಂತ್ರಾಂಶವಾದರೂ “ಪುಟ ಸಿಗಲಿಲ್ಲ” ಎಂದು ಬಾಗಿಲು ಹಾಕುತ್ತಿತ್ತು. ಇದು ಖಾಲಿ ಪುಟವೊಂದನ್ನು ತೆರೆದು ಅವನ ಮುಂದಿಡುತ್ತದೆ: ನಿನಗೆ ಗೊತ್ತಿದ್ದರೆ ಬರಿ! ಅವನು ಬರೆಯುತ್ತಾನೆ: “ಟ್ಯಾಂಕಿನ ಅಡಿಯಲ್ಲಿದೆ. ನಿಂತು ನೋಡಿದರೆ ಕಾಣುವುದಿಲ್ಲ, ಬಗ್ಗಬೇಕು. ಮಳೆಗಾಲದಲ್ಲಿ ನೀರು ಜಾಸ್ತಿ ಸೇರುತ್ತದೆ, ಸಂಜೆಯೂ ಒಂದು ಸಲ ಬಿಡಿ.” ಉಳಿಸಿದ ಗಳಿಗೆಗೆ, ಆ ಹೆಸರಿಗೆ ಎಲ್ಲೆಲ್ಲಿ ಕೊಂಡಿ ಹಾಕಿದ್ದರೋ ಅಲ್ಲೆಲ್ಲ ಕೆಂಪು ಹೋಗಿ ನೀಲಿ!

ಹೀಗೆ ಕೆಂಪಾಗಿ ಉಳಿದ ಕೊಂಡಿಗಳನ್ನೆಲ್ಲ ಮೀಡಿಯಾವಿಕಿ ತಾನೇ ಹೆಕ್ಕಿ ಒಂದು ವಿಶೇಷ ಪುಟದಲ್ಲಿ ಹಾಕುತ್ತದೆ. ಬೇಕಾಗಿರುವ ಪುಟಗಳ ಪಟ್ಟಿ ಅದು. ಎಷ್ಟು ಕಡೆಯಿಂದ ಕೊಂಡಿ ಬಂದಿದೆ ಎಂಬ ಲೆಕ್ಕ ಪಕ್ಕದಲ್ಲೇ ಇರುತ್ತದೆ. ‘ಜಿಎಸ್‌ಟಿ ತಿದ್ದುಪಡಿ ಬಿಲ್’ ಎಂಬ ಪುಟ ಇಲ್ಲ, ಆದರೆ ಹದಿನಾಲ್ಕು ಪುಟಗಳು ಅದಕ್ಕೆ ಕೈ ತೋರಿಸುತ್ತಿವೆ ಎಂದಾದರೆ ಆಫೀಸಿನಲ್ಲಿ ಮೊದಲು ಯಾರನ್ನು ಕೂರಿಸಿ ಏನು ಬರೆಸಬೇಕು ಎಂದು ಕೇಳಲು ಮೀಟಿಂಗ್ ಕರೆಯಬೇಕಿಲ್ಲ. ಯಾವ ಪುಟದಿಂದಲೂ ಕೊಂಡಿ ಸಿಗದೆ ಮೂಲೆಗೆ ಬಿದ್ದ ಅನಾಥ ಪುಟಗಳಿಗೆ ಇನ್ನೊಂದು ಪಟ್ಟಿ. ಬಹಳ ಕಾಲದಿಂದ ಯಾರೂ ಮುಟ್ಟದ ಹಳೆಯ ಪುಟಗಳಿಗೆ ಮತ್ತೊಂದು. ತನ್ನ ಅಜ್ಞಾನವನ್ನು ತಾನೇ ಅಳೆದುಕೊಳ್ಳುವ ಪುಸ್ತಕ ಇದು!

ಇದು ಯಾಕಿಷ್ಟು ದೊಡ್ಡ ವಿಷಯ ಎಂದು ಬೆಂಗಳೂರಿನಲ್ಲಿ ಕೆಲಸ ಮಾಡುವ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಟೀಮಿನಲ್ಲಿ ಒಬ್ಬರು ಪೇಪರ್ ಹಾಕಿದರು ಅನ್ನಿ. ನೋಟಿಸ್ ಪೀರಿಯಡ್ಡಿನ ಕೊನೆಯ ವಾರಗಳಲ್ಲಿ ‘ಕೆಟಿ’, ಅಂದರೆ ನಾಲೆಜ್ ಟ್ರಾನ್ಸ್‌ಫರ್, ಎಂಬ ಶಾಸ್ತ್ರ ಶುರುವಾಗುತ್ತದೆ. ಹೋಗುವವರು ಹೇಳುತ್ತಾರೆ, ಉಳಿಯುವವರು ತಲೆಯಾಡಿಸುತ್ತಾರೆ, ಮೀಟಿಂಗ್ ರೆಕಾರ್ಡ್ ಆಗುತ್ತದೆ, ಆ ರೆಕಾರ್ಡನ್ನು ಮತ್ತೆ ಯಾರೂ ತೆರೆಯುವುದಿಲ್ಲ. ವರ್ಷಗಟ್ಟಲೆ ಕೂಡಿಟ್ಟದ್ದನ್ನು ವಾರದಲ್ಲಿ ದಾಟಿಸುವ ಈ ಆಟ ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪುಸ್ತಕ ಓದಿದ ಹಾಗೆ. ಆರು ತಿಂಗಳ ನಂತರ ಸರ್ವರ್ ಮುಗ್ಗರಿಸಿದಾಗ ಹಳೇ ಸಹೋದ್ಯೋಗಿಗೆ ವಾಟ್ಸ್‌ಆ್ಯಪ್: “ಬಾಸ್, ಒಂದೇ ಒಂದು ಡೌಟು…”

ಈಗ ಕೇಳಿ, ಈ ಕಥೆಯಲ್ಲಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಭಾಗ. ವಿಕಿ ವಿಶ್ವಕೋಶಕ್ಕಾಗಿ ಹುಟ್ಟಿದ್ದೇ ಅಲ್ಲ! ಅದರ ಬೇರು ಇರುವುದು ಒಂದು ಕಂಪನಿಯೊಳಗೆ, ಇದೇ ಕೆಟಿ ಸಮಸ್ಯೆಯ ಪಕ್ಕದಲ್ಲೇ. ಅಮೆರಿಕದ ಆರಿಗನ್ ರಾಜ್ಯದಲ್ಲಿ ಟೆಕ್ಟ್ರಾನಿಕ್ಸ್ ಎಂಬ ಕಂಪನಿ. ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೂತವರಿಗೆ ಅದರ ಆಸಿಲೋಸ್ಕೋಪುಗಳು ಗೊತ್ತು. 1980ರ ದಶಕದ ಕೊನೆಗೆ ಅಲ್ಲಿದ್ದ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್‌ಗೆ ಒಂದು ಕುತೂಹಲ: ಕಂಪನಿಯೊಳಗೆ ಒಂದು ಐಡಿಯಾ ಯಾರಿಂದ ಯಾರಿಗೆ, ಯಾವ ಪ್ರಾಜೆಕ್ಟಿನಿಂದ ಯಾವ ಪ್ರಾಜೆಕ್ಟಿಗೆ ಹರಿಯುತ್ತದೆ? ಆಪಲ್ ಕಂಪನಿ 1987ರಲ್ಲಿ ಹೊರತಂದಿದ್ದ ಹೈಪರ್‌ಕಾರ್ಡ್ ಎಂಬ ತಂತ್ರಾಂಶದಲ್ಲಿ ಅವರು ಕಾರ್ಡುಗಳನ್ನು ಮಾಡಿದರು: ಜನರಿಗೊಂದು, ಐಡಿಯಾಗೊಂದು, ಪ್ರಾಜೆಕ್ಟಿಗೊಂದು. ಒಂದರಿಂದ ಇನ್ನೊಂದಕ್ಕೆ ಕೊಂಡಿ. ಇಲ್ಲದ ಕಾರ್ಡಿನ ಹೆಸರು ಬರೆದರೆ? ಅಲ್ಲಿಂದಲೇ ಆ ಕಾರ್ಡನ್ನು ಹುಟ್ಟಿಸಬಹುದು! ನಮ್ಮ ಆಪರೇಟರ್ ಒತ್ತಿದ ಆ ಕೆಂಪು ಕೊಂಡಿಯ ಮುತ್ತಜ್ಜ ಇದೇ.

ಅಲ್ಲಿಂದ ಕಥೆ ಓಡತೊಡಗುತ್ತದೆ. 1995ರ ಮಾರ್ಚ್ 25ರಂದು ಕನಿಂಗ್‌ಹ್ಯಾಮ್ ಅದೇ ಯೋಚನೆಯನ್ನು ಪರ್ಲ್ ಭಾಷೆಯಲ್ಲಿ ಬರೆದು, ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರನ್ನು ಎರವಲು ಪಡೆದು, ‘ವಿಕಿವಿಕಿವೆಬ್’ ಎಂದು ಜಾಲಕ್ಕೆ ಬಿಟ್ಟರು. ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ನೋಡಿದವರು ತಮ್ಮ ತಮ್ಮ ವಿಕಿ ಬರೆದುಕೊಂಡರು. 2001ರ ಜನವರಿ 15ರಂದು ಶುರುವಾದ ವಿಕಿಪೀಡಿಯ ಮೊದಲು ನಿಂತದ್ದು ಯೂಸ್‌ಮಾಡ್‌ವಿಕಿ ಎಂಬ ಪುಟ್ಟ ಪ್ರೋಗ್ರಾಮಿನ ಮೇಲೆ. ಜನ ನುಗ್ಗಿದರು, ಪ್ರೋಗ್ರಾಮು ಏದುಸಿರು ಬಿಟ್ಟಿತು. ಆಗ ಮಾಗ್ನುಸ್ ಮಾನ್ಸ್ಕೆ ಎಂಬ ಜರ್ಮನ್ ವಿದ್ಯಾರ್ಥಿ ಪಿಎಚ್‌ಪಿ ಭಾಷೆಯಲ್ಲಿ, ಡೇಟಾಬೇಸ್ ಜೋಡಿಸಿ, ಹೊಸ ಎಂಜಿನ್ ಬರೆದುಕೊಟ್ಟ. 2002ರ ಜನವರಿಯಲ್ಲಿ ಅದು ಓಡಿತು. ಅದೂ ಸಾಲದಾದಾಗ ಲೀ ಡೇನಿಯಲ್ ಕ್ರಾಕರ್ ಅದನ್ನು ಮತ್ತೆ ಬರೆದರು. ಅದೇ ವರ್ಷ ಜುಲೈಯಲ್ಲಿ ಬಂದ ಆ ರೂಪವೇ ಮೀಡಿಯಾವಿಕಿಯಾಯಿತು. ಕಂಪನಿಯ ಕಾರ್ಡುಪೆಟ್ಟಿಗೆಯಲ್ಲಿ ಮೊಳೆತದ್ದು ಪ್ರಪಂಚದ ವಿಶ್ವಕೋಶವನ್ನೇ ಹೊತ್ತು, ಗಟ್ಟಿಯಾಗಿ, ಪುಕ್ಕಟೆಯಾಗಿ ಮತ್ತೆ ಕಂಪನಿಗಳ ಬಾಗಿಲಿಗೆ ಬಂದು ನಿಂತಿತು!

ಎಲ್ಲ ಸರಿ, ಆದರೆ ಯಾವ ಮಾಲೀಕನಾದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: “ಯಾರು ಬೇಕಾದರೂ ತಿದ್ದಬಹುದು ಅಂದರೆ ಯಾರು ಬೇಕಾದರೂ ಕೆಡಿಸಬಹುದು ಅಂತಲೂ ಆಯ್ತಲ್ಲ?” ಹೌದು, ಕೆಡಿಸಬಹುದು. ವಿಕಿಯ ನಿಜವಾದ ಜಾಣತನ ಇರುವುದು ಇಲ್ಲೇ. ಪ್ರತಿ ಪುಟದ ಮೇಲೂ ‘ಇತಿಹಾಸ’ ಎಂಬ ಕೊಂಡಿ ಇದೆ, ಒತ್ತಿ ನೋಡಿ. ಯಾರು, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಮುಟ್ಟಿದರು, ಎಷ್ಟು ಬೈಟ್ ಹೆಚ್ಚಿತು, ಎಷ್ಟು ಕಡಿಮೆಯಾಯಿತು, ಎಲ್ಲ ಸಾಲು ಸಾಲಾಗಿ. ಎರಡು ಆವೃತ್ತಿಗಳನ್ನು ಆರಿಸಿ ಹೋಲಿಸಿದರೆ ಎಡಗಡೆ ಹಳೆಯದು ಹಳದಿ ಅಂಚಿನಲ್ಲಿ, ಬಲಗಡೆ ಹೊಸದು ನೀಲಿ ಅಂಚಿನಲ್ಲಿ, ಬದಲಾದ ಪದ ಮಾತ್ರ ಎದ್ದು ಕಾಣುತ್ತದೆ. ಯಾರೋ ‘ಸಂಜೆಯೂ ಒಂದು ಸಲ’ ಎಂಬುದನ್ನು ಅಳಿಸಿದ್ದಾರೆಯೇ? ಒಂದೆರಡು ಒತ್ತು, ಹಿಂದಿನದು ವಾಪಸ್. ಒಬ್ಬ ತಲೆಕೆಟ್ಟವನು ಇಡೀ ಪುಟ ಅಳಿಸಲು ತೆಗೆದುಕೊಳ್ಳುವ ಹೊತ್ತಿಗಿಂತ ಅದನ್ನು ಮರಳಿ ತರಲು ಬೇಕಾಗುವ ಹೊತ್ತು ಕಡಿಮೆ!

ಬೇರೆ ತಂತ್ರಾಂಶಗಳೆಲ್ಲ ತಪ್ಪು ನಡೆಯದಂತೆ ಬಾಗಿಲಲ್ಲೇ ತಡೆಯುತ್ತವೆ: ಅನುಮತಿ ಕೇಳು, ಅರ್ಜಿ ಹಾಕು, ಮೇಲಿನವರ ಸಹಿ ತಾ. ಅಷ್ಟರಲ್ಲಿ ಹೇಳಬೇಕೆಂದಿದ್ದವನ ಉತ್ಸಾಹ ಇಳಿದಿರುತ್ತದೆ. ವಿಕಿ ಬಾಗಿಲು ತೆರೆದಿಟ್ಟು, ತಪ್ಪನ್ನು ಅಗ್ಗ ಮಾಡಿಬಿಡುತ್ತದೆ. ಕೆಡಿಸುವುದಕ್ಕಿಂತ ಸರಿಪಡಿಸುವುದು ಸುಲಭವಾದರೆ ಸಾಕು, ಜನರನ್ನು ನಂಬಬಹುದು. ಈ ಒಂದು ತಿರುವು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ನಂಬಿಕೆಯ ಮಾತಾಡುತ್ತಿದ್ದೇನಲ್ಲ, ಈ ಭೂಮಿಯ ಮೇಲೆ ಯಾರನ್ನೂ ನಂಬದವರು ಯಾರು? ಗೂಢಚಾರರು! ಅವರೇ ಇದನ್ನು ಹಾಕಿಕೊಂಡರು!! 2004ರಲ್ಲಿ ಅಮೆರಿಕದ ಸಿಐಎಯ ಕ್ಯಾಲ್ವಿನ್ ಆಂಡ್ರಸ್ ಒಂದು ಪ್ರಬಂಧ ಬರೆದು, ಬೇಹುಗಾರಿಕೆ ಸಂಸ್ಥೆಗಳಿಗೆ ವಿಕಿ ಬೇಕು ಎಂದು ವಾದಿಸಿದರು. ಸೆಪ್ಟೆಂಬರ್ 11ರ ದಾಳಿಯ ನಂತರದ ದಿನಗಳವು. ಒಂದು ಸಂಸ್ಥೆಗೆ ಗೊತ್ತಿದ್ದದ್ದು ಇನ್ನೊಂದಕ್ಕೆ ಗೊತ್ತಿರಲಿಲ್ಲ ಎಂಬ ಆರೋಪ ಗಾಳಿಯಲ್ಲೇ ಇತ್ತು. 2006ರಲ್ಲಿ ‘ಇಂಟೆಲಿಪೀಡಿಯ’ ಅಧಿಕೃತವಾಗಿ ಘೋಷಣೆಯಾಯಿತು. ಒಳಗೆ ಓಡುತ್ತಿದ್ದದ್ದು ವಿಕಿಪೀಡಿಯದ ಅದೇ ಮೀಡಿಯಾವಿಕಿ. ಅತಿರಹಸ್ಯಕ್ಕೊಂದು, ರಹಸ್ಯಕ್ಕೊಂದು, ರಹಸ್ಯವಲ್ಲದ್ದಕ್ಕೊಂದು, ಹೀಗೆ ಮೂರು ಜಾಲಗಳಲ್ಲಿ ಮೂರು ವಿಕಿ. ಅಲ್ಲಿ ಅನಾಮಿಕರಿಗೆ ಜಾಗವಿಲ್ಲ. ತಿದ್ದಿದವರ ಹೆಸರು ತಿದ್ದುಪಡಿಯ ಪಕ್ಕದಲ್ಲೇ. ಇರಾಕಿನ ಬಂಡುಕೋರರು ಬಾಂಬುಗಳಲ್ಲಿ ಕ್ಲೋರಿನ್ ಬಳಸಲು ಶುರುಮಾಡಿದಾಗ, ಅಂಥ ಕಡೆ ಏನೇನು ಮಾಹಿತಿ ಕಲೆಹಾಕಬೇಕು ಎಂಬ ಸೂಚಿ ತಯಾರಾಗಬೇಕಿತ್ತು. ಬೇರೆ ಬೇರೆ ಊರುಗಳಲ್ಲಿ ಕೂತ ಇಪ್ಪತ್ತಕ್ಕೂ ಹೆಚ್ಚು ಮಂದಿ ಒಂದೇ ಪುಟಕ್ಕೆ ಕೈಹಾಕಿದರು. ಎರಡೇ ದಿನದಲ್ಲಿ ಸೂಚಿ ಸಿದ್ಧ. ಸಭೆ ಇಲ್ಲ, ಕಡತ ಇಲ್ಲ! ಚೆನ್ನಾಗಿ ಪುಟ ಬೆಳೆಸಿದವರಿಗೆ ಅಲ್ಲಿನ ಮ್ಯಾನೇಜರುಗಳು ಬಹುಮಾನವಾಗಿ ಕೊಟ್ಟದ್ದು ಏನು ಗೊತ್ತೇ? ಸಲಿಕೆ. ನಿಜವಾಗಿಯೂ ಸಲಿಕೆ! ಪುಟಗಳ ಕಳೆ ಕೀಳುವವರನ್ನು ವಿಕಿಯವರು ತೋಟಗಾರರು ಎನ್ನುತ್ತಾರೆ, ಅದಕ್ಕೆ.

ಅದೇ 2006ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ‘ಡಿಪ್ಲೊಪೀಡಿಯ’ ಆರಂಭಿಸಿತು. ರಾಜತಾಂತ್ರಿಕರಿಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ಆ ದೇಶದಲ್ಲಿ ಯಾರ ಮನೆಯ ಬಾಗಿಲು ತಟ್ಟಬೇಕು ಎಂಬ ತಿಳಿವಳಿಕೆ ಸಾಮಾನಿನ ಜೊತೆಗೇ ಊರು ಬಿಡುತ್ತಿತ್ತು. ನಾಸಾದ ಕಥೆ ಇನ್ನೂ ಚೆಂದ. ಹ್ಯೂಸ್ಟನ್ನಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ ಗಗನಯಾತ್ರಿಗಳ ವ್ಯೋಮನಡಿಗೆಯನ್ನು ರೂಪಿಸುವ ತಂಡ ತನ್ನ ಜ್ಞಾನವನ್ನೆಲ್ಲ ಮೀಡಿಯಾವಿಕಿಯಲ್ಲಿ ಕಟ್ಟಿಕೊಂಡಿತು. ಅಷ್ಟಕ್ಕೇ ನಿಲ್ಲದೆ, ಕಂಪನಿಗಳು ಒಟ್ಟಿಗೆ ಹಾಕಿಕೊಳ್ಳಬಹುದಾದ ‘ಮೆಜಾ’ ಎಂಬ ಇಡೀ ಗಂಟನ್ನು ಕೋಡ್ ಸಮೇತ ಬಹಿರಂಗಕ್ಕಿಟ್ಟಿತು. ಅದರೊಡನೆ ಬಂದ ಒಂದು ಸೇರ್ಪಡೆ ಮಾಡುವ ಕೆಲಸ ಕೇಳಿ: ಯಾವ ಪುಟದ ಮೇಲೆ ಎಷ್ಟು ಜನ ಕಣ್ಣಿಟ್ಟಿದ್ದಾರೆ, ತಿದ್ದುಪಡಿಯಾದ ಮೇಲೆ ಅವರಲ್ಲಿ ಯಾರು ಇನ್ನೂ ತಿರುಗಿ ನೋಡಿಲ್ಲ ಎಂದು ಅದು ಲೆಕ್ಕ ಇಡುತ್ತದೆ. ಯಾರೂ ಕಾಯದ ಪುಟ ಯಾವುದೆಂದು ಮುಂಚೆಯೇ ಗೊತ್ತಾಗಿಬಿಡುತ್ತದೆ! ಬಾಹ್ಯಾಕಾಶದಲ್ಲಿ ತೇಲುವವರ ಜೀವ ಇಂಥ ಪುಟಗಳ ಮೇಲೆ ನಿಂತಿರುವಾಗ ಆ ಲೆಕ್ಕ ಎಷ್ಟು ಮುಖ್ಯ ಎಂದು ಯೋಚಿಸಿ.

ಇನ್ನೊಂದು ಮಾಂತ್ರಿಕ ಸೇರ್ಪಡೆ ‘ಸೆಮ್ಯಾಂಟಿಕ್ ಮೀಡಿಯಾವಿಕಿ’. 2005ರಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು. ಪ್ರತಿ ಯಂತ್ರದ ಪುಟದಲ್ಲಿ ‘ಮುಂದಿನ ಸರ್ವಿಸ್’ ಎಂಬ ಗುರುತು ಹಾಕಿ ದಿನಾಂಕ ಬರೆದರೆ ಸಾಕು. ಈ ತಿಂಗಳು ಯಾವ ಯಾವ ಯಂತ್ರಕ್ಕೆ ಸರ್ವಿಸ್ ಇದೆ ಎಂಬ ಪಟ್ಟಿ ಇನ್ನೊಂದು ಪುಟದಲ್ಲಿ ತನ್ನಷ್ಟಕ್ಕೆ ಮೂಡುತ್ತದೆ. ಎಕ್ಸೆಲ್ ಬೇಡ, ಬೇರೆ ಡೇಟಾಬೇಸ್ ಬೇಡ. ಇದನ್ನು ಕಟ್ಟಿದವರಲ್ಲಿ ಒಬ್ಬರಾದ ಡೆನ್ನಿ ವ್ರಾಂಡೆಚಿಚ್ ಮುಂದೆ 2012ರಲ್ಲಿ ಶುರುವಾದ, ವಿಕಿಪೀಡಿಯದ ದತ್ತಾಂಶ ಭಂಡಾರವಾದ ವಿಕಿಡೇಟಾದ ಮುಂದಾಳಾದರು.

ಮೀಡಿಯಾವಿಕಿ ಒಂದೇ ಇದೆ ಎಂದುಕೊಳ್ಳಬೇಡಿ, ಈ ಕುಟುಂಬ ದೊಡ್ಡದು. ಜರ್ಮನಿಯ ಆಂಡ್ರಿಯಾಸ್ ಗೋರ್ 2004ರಲ್ಲಿ ಬಿಟ್ಟ ಡೊಕುವಿಕಿಗೆ ಡೇಟಾಬೇಸೇ ಬೇಡ! ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿ ಒಳಗೆ ಇಣುಕಿದೆ. ಪ್ರತಿ ಪುಟವೂ ಒಂದು ಸಾದಾ ಪಠ್ಯ ಫೈಲು, ನೋಟ್‌ಪ್ಯಾಡಿನಲ್ಲೇ ತೆರೆಯುತ್ತದೆ. ಹಳೆಯ ಆವೃತ್ತಿಗಳೆಲ್ಲ ‘ಆ್ಯಟಿಕ್’ ಎಂಬ ಫೋಲ್ಡರಿನಲ್ಲಿ, ತಿದ್ದಿದ ವೇಳೆಯನ್ನು ಹೆಸರಿನಲ್ಲೇ ಹೊತ್ತು, ಮಡಚಿ ಇಟ್ಟಂತೆ ಕೂತಿವೆ. ಬ್ಯಾಕಪ್ ಅಂದರೆ ಒಂದು ಫೋಲ್ಡರ್ ಕಾಪಿ ಮಾಡುವುದು, ಮುಗಿಯಿತು! ನಾಳೆ ಡೊಕುವಿಕಿ ಎಂಬುದೇ ಇಲ್ಲವಾದರೂ ಬರೆದದ್ದು ಓದಲು ಸಿಗುತ್ತದೆ. ಬ್ರಿಟನ್ನಿನ ಡ್ಯಾನ್ ಬ್ರೌನ್ 2015ರಲ್ಲಿ ಶುರುಮಾಡಿದ ಬುಕ್‌ಸ್ಟ್ಯಾಕ್‌ನಲ್ಲಿ ಕಪಾಟು, ಪುಸ್ತಕ, ಅಧ್ಯಾಯ, ಪುಟ ಎಂಬ ಜೋಡಣೆ. ಆವರಣ ಚಿಹ್ನೆಗಳಿಗೆ ಹೆದರುವ ಅಕೌಂಟ್ಸ್ ವಿಭಾಗದವರೂ ಮೊದಲ ದಿನವೇ ಬರೆಯಬಲ್ಲರು. ಫ್ರಾನ್ಸಿನ ಲುಡೊವಿಕ್ ದ್ಯುಬೊ ಕಟ್ಟಿದ ಎಕ್ಸ್‌ವಿಕಿಯಲ್ಲಿ ರಜೆ ಅರ್ಜಿಯಂಥ ಪುಟ್ಟ ಆ್ಯಪುಗಳನ್ನು ಪುಟದೊಳಗೇ ಕಟ್ಟಿಕೊಳ್ಳಬಹುದು.

ಇವೆಲ್ಲ ಮುಕ್ತ ತಂತ್ರಾಂಶಗಳು, ಅಂದರೆ ಇವುಗಳ ಕೋಡನ್ನು ಯಾರು ಬೇಕಾದರೂ ಪಡೆದು ಬದಲಿಸಿಕೊಳ್ಳಬಹುದು. ಮುಕ್ತ ತಂತ್ರಾಂಶ ಎಂದರೆ ದುಡ್ಡು ಉಳಿಯುವುದು ಅಷ್ಟೇ ಎಂದು ನಾನೂ ಅಂದುಕೊಳ್ಳಬಹುದಿತ್ತು, 2008ರ ಅಕ್ಟೋಬರಿನ ಕಥೆ ಓದದಿದ್ದರೆ. ಪೀಟರ್ ಥೋಯ್ನಿ 1998ರಲ್ಲಿ ಶುರುಮಾಡಿದ ಟ್ವಿಕಿ ಕಂಪನಿಗಳಿಗೆಂದೇ ರೂಪುಗೊಂಡ ವಿಕಿ. ಹತ್ತು ವರ್ಷದಲ್ಲಿ ಅದಕ್ಕೆ ದುಡಿಯುವ ದೊಡ್ಡ ಬಳಗವೇ ಬೆಳೆದಿತ್ತು. ಆ ಅಕ್ಟೋಬರಿನಲ್ಲಿ ಅದರ ಹಿಂದಿದ್ದ ಕಂಪನಿ, ಹೊಸ ಷರತ್ತಿಗೆ ಒಪ್ಪಿ ಮತ್ತೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಒಳಗೆ ಪ್ರವೇಶ ಎಂದಿತು. ಬಳಗದ ಬಹುಪಾಲು ಜನ ಏನು ಮಾಡಿದರು? ಕೋರ್ಟಿಗೆ ಹೋಗಲಿಲ್ಲ, ಧರಣಿ ಕೂರಲಿಲ್ಲ. ಇಡೀ ಕೋಡನ್ನು ಎತ್ತಿಕೊಂಡು ಹೊರನಡೆದು ‘ಫಾಸ್‌ವಿಕಿ’ ಎಂಬ ಹೊಸ ಹೆಸರಿನಲ್ಲಿ ಕೆಲಸ ಮುಂದುವರಿಸಿದರು! ಪರವಾನಗಿ ಆ ಹಕ್ಕನ್ನು ಕೊಟ್ಟಿತ್ತು. ಇದಕ್ಕೆ ಎದುರಾಗಿ, ಆಫೀಸು ವಿಕಿಗಳಲ್ಲಿ ಬಹಳ ಜನಪ್ರಿಯವಾದ, ಹಣ ಕೊಟ್ಟು ಕೊಳ್ಳುವ ಕಾನ್‌ಫ್ಲುಯೆನ್ಸ್‌ನ ಸರ್ವರ್ ಆವೃತ್ತಿಗೆ ಅದರ ಕಂಪನಿ ಅಟ್ಲಾಸಿಯನ್ 2024ರ ಫೆಬ್ರವರಿ 15ಕ್ಕೆ ಬೆಂಬಲ ನಿಲ್ಲಿಸಿತು. ತಮ್ಮದೇ ಸರ್ವರಿನಲ್ಲಿ ಅದನ್ನು ಇಟ್ಟುಕೊಂಡಿದ್ದವರು ಕ್ಲೌಡಿಗೆ ಹೋಗಬೇಕಾಯಿತು, ಇಲ್ಲವೇ ದುಬಾರಿ ಆವೃತ್ತಿಗೆ, ಇಲ್ಲವೇ ಬೇರೆ ದಾರಿ ಹುಡುಕಬೇಕಾಯಿತು. ಅದು ಕಂಪನಿಯ ಹಕ್ಕು, ತಕರಾರಿಲ್ಲ. ಆದರೆ ನಿಮ್ಮ ಸಂಸ್ಥೆಯ ನೆನಪು ಇರುವ ಮನೆಯ ಬೀಗದ ಕೈ ಯಾರ ಸೊಂಟದಲ್ಲಿರಬೇಕು? ಮುಕ್ತ ತಂತ್ರಾಂಶ ಈ ಪ್ರಶ್ನೆಯನ್ನೇ ಏಳಿಸುವುದಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಎಚ್ಚರಿಕೆಗಳನ್ನೂ ಹೇಳಬೇಕು, ಅವು ಮೂರೇ ಮೂರು. ಒಂದು, ಸಂಬಳದ ಪಟ್ಟಿಯನ್ನು ಮೀಡಿಯಾವಿಕಿಯಲ್ಲಿ ಇಡಬೇಡಿ. ಎಲ್ಲರಿಗೂ ತೆರೆದಿಡುವುದಕ್ಕೆ ಹುಟ್ಟಿದ ಎಂಜಿನ್ ಅದು, ಈ ಪುಟ ಇವರಿಗೆ ಮಾತ್ರ ಎಂಬ ಬೇಲಿ ಅದಕ್ಕೆ ಒಗ್ಗುವುದಿಲ್ಲ. ಅಂಥ ಬೇಲಿ ಬೇಕಿದ್ದರೆ ಡೊಕುವಿಕಿ, ಬುಕ್‌ಸ್ಟ್ಯಾಕ್, ಎಕ್ಸ್‌ವಿಕಿಗಳಲ್ಲಿ ಇದೆ. ಎರಡು, ಪುಕ್ಕಟೆ ಎಂದರೆ ಖರ್ಚೇ ಇಲ್ಲ ಎಂದಲ್ಲ. ಸರ್ವರ್ ಬೇಕು, ಬ್ಯಾಕಪ್ ಬೇಕು, ಭದ್ರತಾ ಅಪ್‌ಡೇಟು ಹಾಕುವ ಒಬ್ಬರು ಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸಲಿಕೆ ಹಿಡಿಯುವವರು ಬೇಕು. ಉದ್ಘಾಟನೆಯ ದಿನ ಕೇಕ್ ಕತ್ತರಿಸಿ ಮರೆತ ವಿಕಿಯಲ್ಲಿ ಹಳೆಯ ಫೋನ್ ನಂಬರುಗಳು ಉಳಿಯುತ್ತವೆ, ಒಂದು ಸಲ ಹಳೆಯ ನಂಬರಿಗೆ ಫೋನ್ ಮಾಡಿ ಮೋಸಹೋದವನು ಎರಡನೇ ಸಲ ವಿಕಿ ತೆರೆಯುವುದಿಲ್ಲ. ಗೆಲ್ಲುವ ಆಫೀಸುಗಳ ನಿಯಮ ಸರಳ: ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರವನ್ನು ವಿಕಿಯಲ್ಲಿ ಬರೆದು ಕೊಂಡಿ ಕಳಿಸು. ಅದೇ ಪ್ರಶ್ನೆಗೆ ಮತ್ತೆ ಬಾಯಿ ನೋಯಿಸಿಕೊಳ್ಳಬೇಕಿಲ್ಲ.

ಕೊನೆಗೆ, ನಮಗೇ ಮೀಸಲಾದ ಒಂದು ಆಶ್ಚರ್ಯ ಬಾಕಿ ಇದೆ. ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ಕೂತು ಸ್ವಯಂಸೇವಕರು ಮೀಡಿಯಾವಿಕಿಯ ಗುಂಡಿ, ಸೂಚನೆಗಳನ್ನು ನೂರಾರು ಭಾಷೆಗಳಿಗೆ ತಂದಿದ್ದಾರೆ, ಅದರಲ್ಲಿ ಕನ್ನಡವೂ ಇದೆ, ತುಳುವೂ ಇದೆ. ಕನ್ನಡ ವಿಕಿಪೀಡಿಯ 2003ರಿಂದ, ತುಳು ವಿಕಿಪೀಡಿಯ 2016ರಿಂದ ನಡೆಯುತ್ತಿರುವುದು ಇದೇ ಎಂಜಿನ್ನಿನ ಮೇಲೆ. ಅಂದರೆ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಇದನ್ನು ಹಾಕಿಕೊಂಡು ಭಾಷೆ ಕನ್ನಡ ಎಂದು ಆರಿಸಿದರೆ ಸಂಪಾದನೆ, ಚರ್ಚೆ, ಇತಿಹಾಸ ಎಲ್ಲವೂ ಕನ್ನಡದಲ್ಲೇ ಎದುರಾಗುತ್ತವೆ, ಅದಕ್ಕೆಂದು ಬೇರೆ ಒಂದು ರೂಪಾಯಿ ಖರ್ಚಿಲ್ಲದೆ! ಕಂಪನಿಯ ಇಂಗ್ಲಿಷ್ ಮ್ಯಾನುವಲ್ ಬರೆದವರು ಆ ಲೇತನ್ನು ಓಡಿಸಿದವರಲ್ಲ. ಓಡಿಸುವವನಿಗೆ ಅದು ಯಾವ ಸದ್ದು ಮಾಡಿದರೆ ಬೇರಿಂಗ್ ಹೋಗುತ್ತಿದೆ ಎಂದು ಗೊತ್ತು, ಆದರೆ ಆ ತಿಳಿವಳಿಕೆ ಇರುವುದು ಕನ್ನಡದಲ್ಲಿ, ಅವನ ಬಾಯಲ್ಲಿ. ಇಷ್ಟು ದಿನ ಅದನ್ನು ಯಾರೂ ಕೇಳಲಿಲ್ಲ, ಕೇಳಿದರೂ ಇಂಗ್ಲಿಷಿನಲ್ಲಿ ಫಾರಂ ತುಂಬು ಎಂದರು. ಈಗ ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು ಬರುವ ಯಾವ ಹುಡುಗನಾದರೂ ಚಹಾ ಬಿಡುವಿನಲ್ಲಿ ಅದನ್ನು ಬರೆದಿಡಬಹುದು, ತಪ್ಪಾದರೆ ಪಕ್ಕದವನು ತಿದ್ದಬಹುದು. ಹಾಗಾಗಿ ನಿಮ್ಮ ಆಫೀಸಿನ ಮೊದಲ ಪುಟವನ್ನು ಎಂಡಿಯವರ ಸಂದೇಶದಿಂದ ಶುರುಮಾಡಬೇಡಿ. ಎಲ್ಲರೂ ದಿನಕ್ಕೆ ಹತ್ತು ಸಲ “ಒಂದ್ನಿಮಿಷ ಬನ್ನಿ ಇಲ್ಲಿ” ಎಂದು ಯಾರನ್ನು ಕರೆಯುತ್ತಾರೋ, ಮೊದಲ ಪಾಸ್‌ವರ್ಡನ್ನು ಅವರ ಕೈಗೆ ಕೊಡಿ.